ವರತೆವ್ವನ ಕಣ್ಣು

೧೮ ಜನವರಿ ೨೦೦೭, ಗುರುವಾರ. ಬೆಳಿಗ್ಗೆ

ಸ್ವಸ್ತಿಶ್ರೀ. ಯಶವಂತನಗರದ ಲಾರಿ ಸ್ಟ್ಯಾಂಡಿನ ಸಿಂಹಾಸನಾಧೀಶ್ವರ, ಬಿಸ್ಕೀಟುಕುಲ ಸಂಹಾರಕ, ಹತ್ತು ಗಾಲಿಯ ಲಾರಿಗಳ ಟೈರುಗಳಿಗೆ ನಿತ್ಯ ಅಭಿಷೇಕ ಮಾಡುವ ವ್ರತಧಾರಿ, ಚತುಷ್ಪಾದ ಚಕ್ರವರ್ತಿ ಶ್ರೀಮನ್ಮಹಾರಾಜ ಟಿಪ್ಪರ್ ರಾಯರು ಸುಖಸಂಕಥಾವಿನೋದದಿಂದ ಗುಡ್ಡ ಆಳುತ್ತಿರಲು — ಅವರ ಪಾದಸೇವಕನೂ, ಡಿಪ್ಲೊಮಾ ಮೂರನೇ ಸೆಮಿಸ್ಟರಿನ ರಣರಂಗದಲ್ಲಿ ಬಿದ್ದವನೂ, ಕಂಪ್ಲಿಯ ರೈಸ್ ಮಿಲ್ ಮರುಳಸಿದ್ದಪ್ಪನವರ ಏಕೈಕ ಕುಲಕಂಟಕನೂ ಆದ ಮನೋಹರನು ಬರೆಸಿದ ಶಾಸನ.

ಇಂದಿನ ದಂಡಯಾತ್ರೆ ಎಂದಿನಂತೆ. ಅಕ್ಕ ಕೊಟ್ಟ ಚಹಾ. ಭಾವ ಎದ್ದಿರಲಿಲ್ಲ. ಬಾಗಿಲ ಹೊರಗೆ ಮಹಾರಾಜರು ಆಗಲೇ ತಯಾರು, ಬಾಲ ಮೋಟಾರಿನಂತೆ. ಕ್ವಾರ್ಟರ್ಸ್ ಹಿಂದಿನಿಂದ ಕೆರೆ ಏರಿ, ಏರಿ ಮುಗಿದಲ್ಲಿ ಹುಣಸೆಗುಂಡಿ ಎಂಬ ಹಳ್ಳಿ, ಅಲ್ಲಿಂದ ಕಾಲುದಾರಿಯಲ್ಲಿ ಗುಡ್ಡ. ಕೆರೆ ಇನ್ನಷ್ಟು ಕೆಂಪಾಗಿದೆ. ದಡದಲ್ಲಿ ಬಟ್ಟೆ ಒಗೆಯುವುದನ್ನೂ ಬಿಟ್ಟಿದ್ದಾರೆ. ಒಗೆದರೆ ಬಿಳಿ ಪಂಚೆ ಕಾವಿಯಾಗುತ್ತದೆ, ಪುಕ್ಕಟೆ ಸನ್ಯಾಸ.

ಹುಣಸೆಗುಂಡಿಯವರು ಕುಡಿಯುವುದು ಗುಡ್ಡದ ವರತೆಯ ನೀರು. ಬಂಡೆಯ ಸಂದಿಯಿಂದ ಬೆರಳು ದಪ್ಪ ಬರುತ್ತದೆ, ಬೇಸಿಗೆಯಲ್ಲೂ ನಿಲ್ಲುವುದಿಲ್ಲವಂತೆ. ಟಿಪ್ಪರ್ ಅಲ್ಲಿ ಕಿವಿವರೆಗೆ ಮುಖ ಅದ್ದಿ ಕುಡಿಯುತ್ತಾನೆ. ಅದೊಂದು ಹೊತ್ತಿನಲ್ಲಿ ಮಾತ್ರ ಅವನ ಮುಖದ ನಿಜವಾದ ಬಣ್ಣ ಗೊತ್ತಾಗುವುದು. ಬಿಳಿ. ಉಳಿದ ಮೈ ಅದಿರಿನ ಬಣ್ಣ.

ವರತೆಯಿಂದ ಸ್ವಲ್ಪ ಮೇಲೆ ಗಡಿಕಲ್ಲು. ಈಚೆ ಗಿಡಮರ, ಪಕ್ಷಿ. ಆಚೆ ಭಾವ ಕೆಲಸ ಮಾಡುವ ಅದಿರು ಕಂಪನಿ. ಗುಡ್ಡವೇ ಇಲ್ಲ, ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಕೆಂಪು ಹೊಂಡ. ಮಹಾರಾಜರು ಕಲ್ಲಿಗೆ ಕಾಲೆತ್ತಿ ದಿನನಿತ್ಯದ ಸಹಿ ಹಾಕಿದರು. ವಾಪಸ್.

೧೯ ಜನವರಿ, ಶುಕ್ರವಾರ

ಇಂದು ಒಂದು ದೇವರನ್ನು ಸೃಷ್ಟಿಸಲಾಯಿತು.

ಸಾಮಗ್ರಿ: ಸಂಡೂರಿನ ಗ್ರಂಥಿಗೆ ಅಂಗಡಿಯಿಂದ ಭಂಡಾರದ ಅರಿಶಿನ ಪುಡಿ, ಕುಂಕುಮ, ದೇವರಿಗೆ ಅಂಟಿಸುವ ತಗಡಿನ ಕಣ್ಣು ಒಂದು ಜೊತೆ. ಸೈಕಲ್ ಶಾಪಿನಿಂದ ಪಂಕ್ಚರ್ ಸೊಲ್ಯೂಷನ್. ದಾರಿಯ ಬೇವಿನ ಎಲೆ. ಅಕ್ಕನ ಒಡೆದ ಹಸಿರು ಬಳೆ.

ಗಡಿಕಲ್ಲು ಮೊಣಕೈ ಉದ್ದದ್ದು. ನೆತ್ತಿಯಲ್ಲಿ ಅಡ್ಡಗೆರೆ ಕೊರೆದಿದೆ, ಹಳೆಯ ಸುಣ್ಣ, ಬಲಕ್ಕೆ ಕೊಂಚ ವಾಲಿದೆ. ಮೊದಲು ತೊಳೆದೆ (ಮಹಾರಾಜರ ಇಷ್ಟು ದಿನದ ಸಹಿ). ಭಂಡಾರ ಮೆತ್ತಿದೆ. ಕಣ್ಣಿಟ್ಟೆ. ಇಟ್ಟ ತಕ್ಷಣ ಎರಡು ಹೆಜ್ಜೆ ಹಿಂದೆ ಸರಿದೆ... ಅದು ನೋಡುತ್ತಿತ್ತು. ಟಿಪ್ಪರ್ ಕೂಡ ಕಾಲೆತ್ತಿದವನು ಇಳಿಸಿದ. ಹತ್ತಿರ ಹೋಗಿ ಮೂಸಿ, ಬೆನ್ನು ಉಜ್ಜಿ, ಹಳದಿ ಮಾಡಿಕೊಂಡು ಬಂದ.

ಕಂಪನಿಯ ಕೊನೆಯ ಅಂಚಿನಲ್ಲಿ ಕೂತ ತಾಯಿ. ಯಾರು ಮೊದಲು ಕಾಲಿಗೆ ಬೀಳುತ್ತಾರೋ ನೋಡೋಣ.

೨೩ ಜನವರಿ, ಮಂಗಳವಾರ

ತೆಂಗಿನಕಾಯಿ. ಊದಿನಕಡ್ಡಿ. ಯಾರೋ ಕಲ್ಲಿನ ಸುತ್ತ ನೆಲ ಸಾರಿಸಿದ್ದಾರೆ. ನಗು ತಡೆಯಲಾಗದೆ ಪೊದೆ ಹಿಂದೆ ಕೂತು ನಕ್ಕೆ. ಮಹಾರಾಜರು ಕಾಯಿಯ ಹೋಳು ಪ್ರಸಾದವಾಗಿ ಸ್ವೀಕರಿಸಿದರು.

೩೦ ಜನವರಿ, ಮಂಗಳವಾರ

ದೇವಿಗೆ ಹೆಸರು ಬಂದಿದೆ. ವರತೆವ್ವ. ಇಟ್ಟವಳು ಗಾಳೆಮ್ಮ. ಹುಣಸೆಗುಂಡಿಯವಳು, ಆಡು ಮೇಯಿಸುತ್ತಾಳೆ, ದಿನಾ ವರತೆ ಹತ್ತಿರ ಸಿಗುತ್ತಾಳೆ. ನನ್ನನ್ನು 'ನಾಯಿ ತಮ್ಮ' ಎಂದೇ ಕರೆಯುವುದು. ಇವತ್ತು ಸೆರಗು ಹೊದ್ದು ಕಲ್ಲಿನ ಮುಂದೆ ಕೂತಿದ್ದಳು.

“ಇಷ್ಟು ದಿನ ಮುಖ ಮುಚ್ಚಿಗೊಂಡು ಕುಂತಿದ್ಲು ತಮ್ಮಾ,” ಅಂದಳು. “ನೀರು ಕೊಡ್ತಿದ್ಲು, ಮುಖ ತೋರಿಸ್ತಿರ್ಲಿಲ್ಲ. ಈಗ ಕಣ್ಣು ಬಿಟ್ಟಾಳ.”

ನಾನು ಗಂಭೀರವಾಗಿ ತಲೆಯಾಡಿಸಿದೆ. ಪೊದೆ ಹಿಂದೆ ಹೋಗಲಿಲ್ಲ. ಯಾಕೋ ನಗು ಬರಲಿಲ್ಲ. ಟಿಪ್ಪರನ ಕೊರಳು ಹಿಡಿದುಕೊಂಡೇ ನಿಂತೆ. ಹಳೆಯ ಅಭ್ಯಾಸದಂತೆ ಕಾಲೆತ್ತಿಬಿಟ್ಟರೆ ಇಬ್ಬರಿಗೂ ಕಲ್ಲೇಟು.

೨ ಫೆಬ್ರವರಿ, ಶುಕ್ರವಾರ

ಮಹಾವಿಜಯ. ಗಡಿಕಲ್ಲಿನ ಹತ್ತಿರದ ಮೆಟ್ಟಿಲಿನಲ್ಲಿ ಡ್ರಿಲ್ಲಿಂಗ್ ನಿಂತಿದೆ. ಭಾವ ಊಟಕ್ಕೆ ಕೂತಾಗ ಅಕ್ಕನಿಗೆ ಹೇಳಿದರು. ಮಿಷಿನ್ ಆಪರೇಟರ್ ಉಚ್ಚೆಂಗಪ್ಪ ಚಪ್ಪಲಿ ಬಿಟ್ಟು ಕೆಳಗಿಳಿದನಂತೆ. ಅವ್ವ ನೋಡಾಕ ಹತ್ತ್ಯಾಳ, ನಾ ಹೊಡಿಯಂಗಿಲ್ಲ ಅಂದನಂತೆ. ಅವನ ಹಿಂದೆ ಉಳಿದವರೂ.

ನಾನು ಮುದ್ದೆಯೊಳಗೆ ಮುಖ ಹುದುಗಿಸಿದೆ. ಕಂಪನಿಯೆಂಬ ಕಂಪನಿ, ಇಡೀ ಗುಡ್ಡ ತಿಂದದ್ದು, ಪಂಕ್ಚರ್ ಸೊಲ್ಯೂಷನ್ನಿಗೆ ನಿಂತಿತಲ್ಲ! ಶಾಸನದಲ್ಲಿ ಕೆತ್ತಬೇಕು: ಮನೋಹರ ಭೂಪಾಲನು ಒಂದು ಜೊತೆ ಕಣ್ಣಿನಿಂದ ವರತೆಯನ್ನು ಕಾಯ್ದನು. ನಾಯಿ ಸಾಕ್ಷಿ.

೬ ಫೆಬ್ರವರಿ, ಮಂಗಳವಾರ

ಸ್ವಲ್ಪ ಎಡವಟ್ಟು. ಬೆಳಿಗ್ಗೆ ಗುಡ್ಡ ಇಳಿದು ಬಂದಾಗ ಭಾವ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದರು. ಟಿಪ್ಪರ್ ಅವರ ಕಾಲಿಗೆ ಮೈ ಉಜ್ಜಿದ. ಪ್ಯಾಂಟಿಗೆ ಹಳದಿ. ಭಾವ ಬಗ್ಗಿ ಬೆರಳಲ್ಲಿ ಮುಟ್ಟಿ ಮೂಸಿದರು. ನನ್ನನ್ನು ನೋಡಿದರು.

ಬೈದಿದ್ದರೆ ಚೆನ್ನಾಗಿತ್ತು. ಸರ್ವೆ ಸೆಕ್ಷನ್ನಿನ ಮನುಷ್ಯ, ಮೊದಲೇ ಮಾತು ಕಡಿಮೆ. ಬಾಯಿ ಮುಕ್ಕಳಿಸಿ ಒಳಗೆ ಹೋದರು.

೧೧ ಫೆಬ್ರವರಿ, ಭಾನುವಾರ

ಕಂಪನಿಯ ಕಾಂಟ್ರಾಕ್ಟರ್ ಅಂಜಿನಯ್ಯ ವರತೆವ್ವನ ದರ್ಶನಕ್ಕೆ ಬಂದಿದ್ದ. ಜೀಪನ್ನು ಹುಣಸೆಗುಂಡಿಯಲ್ಲೇ ಬಿಟ್ಟು, ಬರಿಗಾಲಲ್ಲಿ ಗುಡ್ಡ ಹತ್ತಿದ. ಬಿಳಿ ಅಂಗಿ, ಹಣೆಗೆ ವಿಭೂತಿ. ಊರಿನವರೆಲ್ಲ ಅವನ ಹಿಂದೆ. ನಾನೂ ಟಿಪ್ಪರನೂ ಕೊನೆಯಲ್ಲಿ. ಕೆಲಸ ನಿಲ್ಲಿಸಿದವರ ಮೇಲೆ ರೇಗುತ್ತಾನೆ ಎಂದುಕೊಂಡಿದ್ದೆ. ಅವನು ಉದ್ದಂಡ ನಮಸ್ಕಾರ ಹಾಕಿದ.

ಎದ್ದು ಕಣ್ಣೊರೆಸಿಕೊಂಡ. “ನಮ್ಮ ಮಿಷಿನ್ ಧೂಳು ತಾಯಿ ಮುಖದ ಮ್ಯಾಲ ಬೀಳಾಕ ಹತ್ತೈತಿ. ನನಗ ನಿದ್ದಿ ಬರವಲ್ದು. ಊರ ಬಾಗಿಲಿಗೆ ಕರಕೊಂಡ್ ಬರ್ರಿ ನಮ್ಮವ್ವನ್ನ. ಗುಡಿ ನಾ ಕಟ್ಟಸ್ತೀನಿ.”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಿಮೆಂಟಿನ ಗುಡಿ, ಗಂಟೆ, ಕರೆಂಟು. ಹೆಂಗಸರು ದಿನಾ ಗುಡ್ಡ ಹತ್ತುವುದು ತಪ್ಪುತ್ತದೆ. ಅವ್ವನ ಅಪ್ಪಣೆ ಕೇಳೋಣ ಎಂದು ಹಿರಿಯರು ಹೇಳಿದರು. ಮಂಗಳವಾರ ಎಂದಾಯಿತು.

ಇಳಿಯುವಾಗ ಅಂಜಿನಯ್ಯ ಟಿಪ್ಪರನ ತಲೆ ಸವರಿದ. ಎಲ್ಲರ ಕೈಗೂ ಮೈಯೊಡ್ಡುವ ನಮ್ಮ ಚಕ್ರವರ್ತಿ ತಲೆ ತಗ್ಗಿಸಿ ಹಿಂದಕ್ಕೆ ಸರಿದ. ಗುರ್ ಎನ್ನಲಿಲ್ಲ. ಅದೇ ಹೊಸದು.

೧೩ ಫೆಬ್ರವರಿ, ಮಂಗಳವಾರ

ಹೂವಿನ ಅಪ್ಪಣೆ. ಕಲ್ಲಿನ ನೆತ್ತಿಯ ಮೇಲೆ ಎರಡು ಬದಿಗೂ ಒದ್ದೆ ಹೂವು ಇಡುವುದು. ಬಲದ್ದು ಬಿದ್ದರೆ ಹೂಂ, ಎಡದ್ದು ಬಿದ್ದರೆ ಊಹೂಂ. ಪೂಜೆಗೆ ಕೂತವಳು ಗಾಳೆಮ್ಮನೇ. ಅವಳಿಗೆ ಮನಸ್ಸಿರಲಿಲ್ಲ, ಕಂಡೇ ಹೇಳಬಹುದಿತ್ತು. “ನಿನಗ ಇಲ್ಲೇ ಇರಬೇಕಂದ್ರ ಎಡಕ್ಕ ಕೊಡವ್ವ,” ಎಂದು ಮೂರು ಸಲ ಕೇಳಿದಳು.

ಬಲದ ಹೂವು ಬಿತ್ತು.

ಬೀಳದೆ ಏನು? ಕಲ್ಲು ಬಲಕ್ಕೆ ವಾಲಿದೆ. ನನಗೆ ಗೊತ್ತು. ಜನರ ಆಚೆ ನಿಂತ ಅಂಜಿನಯ್ಯ ಕೂಡ ಕಲ್ಲನ್ನಲ್ಲ, ಕಲ್ಲಿನ ಬುಡವನ್ನು ನೋಡುತ್ತಿದ್ದ.

ಇರಲಿ. ಗುಡಿಯಾದರೆ ಆಗಲಿ, ನನಗೇನು. ನಾನು ಮಾಡಿದ ದೇವರಿಗೆ ಗಂಟೆ, ಕರೆಂಟು. ಖುಷಿಪಡಬೇಕಾದ್ದೇ. ಆದರೂ ಇವತ್ತು ಟಿಪ್ಪರ್ ಮುಂದೆ ಓಡಲಿಲ್ಲ. ನನ್ನ ಕಾಲಿಗೆ ಅಂಟಿಕೊಂಡೇ ಇಳಿದ.

೧೮ ಫೆಬ್ರವರಿ, ಭಾನುವಾರ. ಮಧ್ಯಾಹ್ನ

ಬರೆಯಲು ಕೈ ಬರುತ್ತಿಲ್ಲ. ಆದರೂ.

ಊಟದ ಹೊತ್ತು. ಅಕ್ಕ ಒಳಗೆ. ನಾನು ಸುಮ್ಮನೆ ಕೇಳಿದೆ, ಗುಡಿ ಎಲ್ಲಿ ಕಟ್ಟುತ್ತಾರೆ ಭಾವ, ಎಂದು. ಭಾವ ತಟ್ಟೆಯಲ್ಲಿ ಉಳಿದ ಮಜ್ಜಿಗೆಯಲ್ಲಿ ಬೆರಳಿನಿಂದ ಗೆರೆ ಎಳೆದರು. ಇದು ಗುಡ್ಡ. ಒಂದು ಅನ್ನದ ಅಗುಳು ಇಟ್ಟರು. ಇದು ವರತೆ. ಮೇಲೆ ಈರುಳ್ಳಿ ಚೂರು. ಇದು ಕಲ್ಲು. ಕಲ್ಲಿನ ಮೇಲಕ್ಕೆ ಕಂಪನಿ. ಆಮೇಲೆ ಈರುಳ್ಳಿ ಚೂರನ್ನು ಬೆರಳಲ್ಲಿ ಜಾರಿಸುತ್ತ, ಅಗುಳನ್ನು ದಾಟಿಸಿ, ತಟ್ಟೆಯ ಕೆಳಗಿನ ಅಂಚಿಗೆ ತಂದಿಟ್ಟರು. ಊರ ಬಾಗಿಲು.

ಅಗುಳು ಈಗ ಕಲ್ಲಿಗಿಂತ ಮೇಲೆ, ಕಂಪನಿಯ ಕಡೆಗಿತ್ತು.

“ಎರಡು ವರ್ಷದಿಂದ ಆ ಕಲ್ಲಿಗೆ ಕೈ ಹಚ್ಚಾಕ ಆಗಿರ್ಲಿಲ್ಲ,” ಭಾವ ಮೆಲ್ಲಗೆ ಹೇಳಿದರು. “ಕಿತ್ತರ ಕೇಸು. ಈಗ ಮಂಗಳವಾರ ಊರ ಮಂದೀನ ಹೊತ್ಕೊಂಡು ಬರ್ತಾರ, ಡೊಳ್ಳು ಬಾರಿಸಿಗೆಂತ. ನಾಳೆ ಯಾರರ ಅಳಿಯಾಕ ಬಂದ್ರ, ಕಲ್ಲು ಎಲ್ಲೈತಿ? ಇಲ್ಲೈತಿ ನೋಡ್ರಿ. ಪೂಜೆ ನಡದೈತಿ. ಯಾರು ಕೀಳ್ತಾರ ಅದನ್ನ?”

ನಾನು ತಟ್ಟೆಯ ಅಂಚಿನ ಈರುಳ್ಳಿ ಚೂರನ್ನೇ ನೋಡಿದೆ.

“ನಾಯಿ ಮೈ ಮ್ಯಾಲ ಭಂಡಾರ ನೋಡಿದ್ದೆ ನಾನು. ಯಾರಿಗೂ ಹೇಳಿಲ್ಲ. ನೀನೂ ಹೇಳಬ್ಯಾಡ.” ಸ್ವಲ್ಪ ತಡೆದು, “ಸೈಟಿನ್ಯಾಗ ನಿನಗೊಂದು ಕೆಲಸ ಐತಿ ಅಂದಾನ ಅಂಜಿನಯ್ಯ.”

ಯಾರಿಗೂ ಹೇಳದಿದ್ದರೆ ಅಂಜಿನಯ್ಯನಿಗೆ ನನ್ನ ಹೆಸರು ಹೇಗೆ ಗೊತ್ತು ಎಂದು ಕೇಳಬೇಕಿತ್ತು. ಭಾವ ತಟ್ಟೆಯಲ್ಲೇ ಕೈ ತೊಳೆದರು. ಗುಡ್ಡ, ವರತೆ, ಕಲ್ಲು ಎಲ್ಲ ಒಂದೇ ನೀರಾಯಿತು.

೧೯ ಫೆಬ್ರವರಿ, ಸೋಮವಾರ

ಬೆಳಿಗ್ಗೆ ಟಿಪ್ಪರನ ಜೊತೆ ಬೇಗ ಹೊರಟೆ. ಶಾಸನ ಗೀಸನ ಇಲ್ಲ. ಮಾತು ಜೋಡಿಸಿಕೊಂಡೇ ಹತ್ತಿದೆ. ಗಾಳೆಮ್ಮ ವರತೆಯಲ್ಲಿ ಕೊಡ ತುಂಬುತ್ತಿದ್ದಳು. ಆಡುಗಳು ಕೆಳಗಿನ ಕುಣಿಯಲ್ಲಿ ಕುಡಿಯುತ್ತಿದ್ದವು. ಟಿಪ್ಪರ್ ಅವುಗಳ ನಡುವೆ ಮುಖ ತೂರಿಸಿದ. ಒಂದು ಮರಿ ಅವನಿಗೆ ಡಿಕ್ಕಿ ಹೊಡೆಯಿತು, ಅವನು ಸುಮ್ಮನೆ ಜಾಗ ಬಿಟ್ಟ.

“ಯಕ್ಕಾ, ಅದು ಗಡಿಕಲ್ಲು,” ಅಂದೆ. “ಅದು ಕೆಳಗ ಹೋತಂದ್ರ ಈ ವರತೆ ಕಂಪನಿ ಪಾಲಾಗತೈತಿ. ಅವರು ಅಗದಬಿಡ್ತಾರ. ಹೊರಬ್ಯಾಡ್ರಿ.”

ಅವಳು ಕೊಡ ಕೆಳಗಿಟ್ಟಳು. ನನ್ನನ್ನೇ ನೋಡಿದಳು. ಸಿಟ್ಟಿಲ್ಲ, ಆಶ್ಚರ್ಯವೂ ಇಲ್ಲ.

“ಗಡಿಕಲ್ಲಿಗೆ ಕಣ್ಣು ಯಾರು ಇಡ್ತಾರ ತಮ್ಮಾ?”

ಪ್ರಶ್ನೆ ಇಷ್ಟೇ. ಉತ್ತರ ಎರಡಕ್ಷರ. ನಾನು.

ಹೇಳಿದರೆ ಏನಾಗುತ್ತಿತ್ತು? ಊರು ಬಡಿಯುತ್ತಿತ್ತು. ಅಕ್ಕನ ಮನೆ ಮುಂದೆ ಜನ. ಭಾವನ ನೌಕರಿ. ಕಂಪ್ಲಿಯಿಂದ ಅಪ್ಪ. ಇವೆಲ್ಲ ಆ ಹೊತ್ತಿನಲ್ಲಿ ತಲೆಗೆ ಬಂದವು ಎಂದು ಬರೆದರೆ ಸುಳ್ಳಾದೀತು. ಬಂದದ್ದು ಒಂದೇ. ಅವಳು ಆ ಕಣ್ಣುಗಳ ಮುಂದೆ ಸೆರಗು ಹೊದ್ದು ಕೂತದ್ದು. ಅದನ್ನು ನಾನು ನೋಡಿದ್ದೇನೆಂದು ಅವಳಿಗೆ ಗೊತ್ತಿರುವುದು.

“ಯಾರಿಗ್ಗೊತ್ತು,” ಅಂದೆ.

ಅವಳು ಸಿಂಬಿ ಸರಿಮಾಡಿ ಕೊಡ ಎತ್ತಿಕೊಂಡಳು. “ನನಗೂ ಸಂಶಯ ಐತಿ ತಮ್ಮಾ. ಹೂವು ಬಲಕ್ಕ ಬಿತ್ತು, ಆದ್ರೂ. ನಿನಗ ಏನರ ಗೊತ್ತಿದ್ರ ನಾಳೆ ಬಂದು ಎಲ್ಲಾರ ಮುಂದ ಹೇಳು. ನಾ ನಿನ್ನ ಬಾಜು ನಿಲ್ತೀನಿ. ಇಲ್ಲಂದ್ರ ಬಂದು ನೀನ ಹೊರು. ದಿನಾ ಹತ್ತಾಂವ ನೀನು. ನೀ ಹೊತ್ರ ನನ್ನ ಸಂಶಯ ಹೋಗತೈತಿ.”

ಎರಡರಲ್ಲಿ ಒಂದು. ಆಡುಗಳ ಹಿಂದೆ ಇಳಿದು ಹೋದಳು.

ಬಹಳ ಹೊತ್ತು ಅಲ್ಲೇ ಕೂತಿದ್ದೆ. ರಾತ್ರಿ ಬಂದು ನಾನೇ ಕಣ್ಣು ಕಿತ್ತು ಹಾಕಿದರೆ? ಅದೂ ಪವಾಡವೇ ಆದೀತು. ಕಂಪನಿಯ ಧೂಳಿಗೆ ಅವ್ವ ಕಣ್ಣು ಮುಚ್ಚಿದಳು, ಜಲ್ದಿ ಕೆಳಗೆ ತರ್ರಿ ಎನ್ನುತ್ತಾರೆ. ಪಂಕ್ಚರ್ ಸೊಲ್ಯೂಷನ್ ಡಬ್ಬಿ ತಂದು ತೋರಿಸಿದರೆ? ಅದಕ್ಕೂ ಬಾಯಿ ತೆರೆಯಲೇಬೇಕು.

ನಾಳೆ ಹೇಳುತ್ತೇನೆ. ಎಲ್ಲರ ಮುಂದೆ. ನಾಳೆ ಹೇಳಿಯೇ ಬಿಡುತ್ತೇನೆ. ಟಿಪ್ಪರ್ ಸಾಕ್ಷಿ.

೨೦ ಫೆಬ್ರವರಿ, ಮಂಗಳವಾರ

ಹೊತ್ತೆ.

೨೬ ಮಾರ್ಚ್, ಸೋಮವಾರ

ಒಂದು ತಿಂಗಳ ಮೇಲಾಯಿತು. ಪುಸ್ತಕ ಟ್ರಂಕಿನ ಕೆಳಗೆ ಹಾಕಿದ್ದೆ.

ಸುದ್ದಿ. ಶ್ರೀ ಮನೋಹರ ಅವರು ಬ್ಲಾಸ್ಟಿಂಗ್ ಸೆಕ್ಷನ್ನಿನಲ್ಲಿ ಕೆಂಪು ಬಾವುಟದ ಅಧಿಪತಿಯಾಗಿ ನೇಮಕಗೊಂಡಿದ್ದಾರೆ. ಹೆಲ್ಮೆಟ್, ಬೂಟು, ಪೀಪಿ. ಮಧ್ಯಾಹ್ನ ಮದ್ದು ಹಚ್ಚುವ ಮೊದಲು ದಾರಿಗೆ ಅಡ್ಡ ನಿಂತು ಜನ, ದನ ಯಾರನ್ನೂ ಮೇಲೆ ಬಿಡದಿರುವುದು. ಸೈರನ್ ಆಗಿ ಎಲ್ಲ ಮುಗಿದ ಮೇಲೆ ಬಾವುಟ ಇಳಿಸುವುದು. ನನ್ನ ಜಾಗ ಯಾವುದೆಂದರೆ ಹುಣಸೆಗುಂಡಿಯಿಂದ ಗುಡ್ಡ ಹತ್ತುವ ಕಾಲುದಾರಿ. ನಾವು ದಿನಾ ಹೋಗುತ್ತಿದ್ದದ್ದೇ. ಅಂಜಿನಯ್ಯನಿಗೆ ತಮಾಷೆ ಗೊತ್ತಿಲ್ಲ ಎಂದುಕೊಂಡಿದ್ದೆ.

ಗುಡಿ ಮುಗಿದಿದೆ. ಗುಲಾಬಿ ಬಣ್ಣ. ತಾಯಿಗೆ ಹೊಸ ಕಣ್ಣು ಹಾಕಿಸಿದ್ದಾರೆ, ನನ್ನವಕ್ಕಿಂತ ದೊಡ್ಡವು. ಕಲ್ಲನ್ನು ಸಿಮೆಂಟಿನಲ್ಲಿ ನೆಟ್ಟಗೆ ನಿಲ್ಲಿಸಿದ್ದಾರೆ, ಇನ್ನು ಯಾವ ಕಡೆಗೂ ವಾಲುವುದಿಲ್ಲ.

ಬೆಳಗಿನ ನಡಿಗೆ ನಿಂತಿಲ್ಲ. ಆದರೆ ಟಿಪ್ಪರ್ ನನ್ನ ಜೊತೆ ಬರುವುದಿಲ್ಲ. ನಾನು ಅವನ ಹಿಂದೆ ಹೋಗುತ್ತೇನೆ. ಅವನು ನೇರ ಮೇಲೆ ಹತ್ತಿ, ಕಲ್ಲು ಕಿತ್ತ ಗುಂಡಿಯ ಹತ್ತಿರ ನಿಂತು, ಸಹಿ ಹಾಕಲು ಏನೂ ಇಲ್ಲದೆ ಸುತ್ತು ಹಾಕುತ್ತಾನೆ. ಮತ್ತೊಂದು ಸುತ್ತು. ಮೊದಲು ನಗು ಬರುತ್ತಿತ್ತು. ಗುಂಡಿಯ ಸುತ್ತ ಡ್ರಿಲ್ಲಿಂಗ್‌ನವರು ಕೊರೆಯುವ ಜಾಗಕ್ಕೆ ಸುಣ್ಣದ ಚುಕ್ಕೆ ಇಟ್ಟಿದ್ದಾರೆ. ಚುಕ್ಕೆಗಳು ದಿನದಿನಕ್ಕೆ ಇಳಿಯುತ್ತಿವೆ. ಇವತ್ತು ವರತೆಯ ಬಂಡೆಯ ಮೇಲೂ ಒಂದು ಕಂಡಿತು.

ಗಾಳೆಮ್ಮ ಮಧ್ಯಾಹ್ನ ಆಡು ಹೊಡೆದುಕೊಂಡು ಬಂದಳು. ಬಾವುಟ ಅಡ್ಡ ಹಿಡಿದೆ. ಯಕ್ಕಾ, ಈಗ ಬ್ಯಾಡ, ಅಂದೆ. ಅವಳು ಜಗಳ ಮಾಡಲಿಲ್ಲ, ತಮ್ಮ ಎನ್ನಲಿಲ್ಲ. ಆಡುಗಳನ್ನು ತಿರುಗಿಸಿದಳು. ಅವುಗಳಿಗೆ ತಿರುಗುವುದು ಅರ್ಥವಾಗಲಿಲ್ಲ. ನನ್ನ ಕಾಲ ಸಂದಿಯಲ್ಲಿ ನುಸುಳಲು ನೋಡುತ್ತಿದ್ದವು.

೨೮ ಮಾರ್ಚ್, ಬುಧವಾರ. ಸಂಜೆ

ಇವತ್ತು ವರತೆಯ ಸರದಿ.

ಬೆಳಿಗ್ಗೆಯೇ ಹೇಳಿದ್ದರು. ಹುಣಸೆಗುಂಡಿಗೆ ಟ್ಯಾಂಕರ್ ಬಂದಿತ್ತು, ಗುಡಿಯ ಮುಂದೆ ಕೊಡಗಳ ಸಾಲು. ನಾನು ನನ್ನ ಜಾಗದಲ್ಲಿ ಬಾವುಟ ಹಿಡಿದು ನಿಂತೆ. ಪೀಪಿ ಊದಿದೆ. ಮೊದಲನೆಯ ಸೈರನ್ ಆದಾಗ ಟಿಪ್ಪರ್ ಎಲ್ಲಿಂದಲೋ ಬಂದ. ಬಿಸಿಲಿಗೆ ನಾಲಿಗೆ ಚಾಚಿ, ನನ್ನ ಪಕ್ಕದಿಂದಲೇ ದಾಟಿ ಮೇಲೆ ಹೊರಟ. ಕರೆದೆ. ಮತ್ತೆ ಪೀಪಿ ಊದಿದೆ. ಒಮ್ಮೆ ತಿರುಗಿ ನೋಡಿದ. ಬೂಟು ಹಾಕಿದವನು ಯಾರೆಂದು ಗುರುತು ಸಿಗದವನಂತೆ. ಹೋದ.

ಎರಡನೆಯ ಸೈರನ್. ನಾನು ಜಾಗ ಬಿಡುವಂತಿರಲಿಲ್ಲ. ಬಿಡಲಿಲ್ಲ.

ನೆಲ ಮೊದಲು ನಡುಗಿತು, ಸದ್ದು ಆಮೇಲೆ. ಗುಡಿಯ ಗಂಟೆ ಯಾರೂ ಮುಟ್ಟದೆ ಒಂದು ಸಲ ಆಡಿತು. ಹೆಂಗಸರು ಅಲ್ಲಿಂದಲೇ ಕೈ ಮುಗಿದರು. ಕೆಂಪು ಧೂಳು ಗುಡ್ಡ ಇಳಿದು ನನ್ನ ಮೇಲೆ ಬಂದು, ಊರ ಮೇಲೆ ಹೋಗಿ, ಕೆರೆಯ ಮೇಲೆ ಕೂತಿತು. ಬಾವುಟ ಇಳಿಸಲು ಹೇಳಿದರು. ಇಳಿಸಿದೆ. ದಾರಿಯನ್ನೇ ನೋಡುತ್ತ ನಿಂತೆ.

ಬಂದ. ಬಹಳ ಹೊತ್ತಿನ ಮೇಲೆ, ನಿಧಾನಕ್ಕೆ, ಕುಂಟದೆ. ಮೈಗೆ ಏನೂ ಆಗಿರಲಿಲ್ಲ. ಕೂತು ಅವನ ಮುಖ ಎರಡೂ ಕೈಯಲ್ಲಿ ಹಿಡಿದು ನೋಡಿದೆ. ಮೂಗಿನಿಂದ ಕಿವಿವರೆಗೆ ಒಣ ಕೆಂಪು ಧೂಳು. ವರತೆಯ ನೀರು ಒಂದು ಹನಿ ಇಲ್ಲ.

ಗಾಳೆಮ್ಮ ಗುಡಿ ಕಟ್ಟೆಯ ಮೇಲೆ ಕೂತಿದ್ದಳು. ನಾಯಿಯ ಮುಖವನ್ನು ಅವಳೂ ನೋಡಿದಳು. ಎದ್ದು, ಟ್ಯಾಂಕರಿನ ಸಾಲಿನ ಕೊನೆಗೆ ಹೋಗಿ ಕೊಡ ಇಟ್ಟಳು.

ಮನೆಗೆ ಬಂದು ಬೋಗುಣಿಯಲ್ಲಿ ನೀರು ಇಟ್ಟೆ. ಕುಡಿದ. ಈಗ ಹೊಸ್ತಿಲಾಚೆ ಮಲಗಿದ್ದಾನೆ. ಅಕ್ಕ ಊಟಕ್ಕೆ ಕರೆಯುತ್ತಿದ್ದಾಳೆ.

ಫೆಬ್ರವರಿ ಇಪ್ಪತ್ತರಂದು ಒಂದೇ ಪದ ಬರೆದು ಮುಚ್ಚಿದ್ದೆ. ಹೊರುವಾಗ ಎದೆ ಒಡೆಯಿತು, ಕಣ್ಣು ಕತ್ತಲೆ ಬಂತು ಎಂದು ಅಕ್ಕನಿಗೆ ಹೇಳಿದ್ದೆ. ಅವಳು ನಂಬಿದಳು. ನಾನೂ ನಂಬಿಕೊಂಡಿದ್ದೆ.

ಹಾಗಾಗಿರಲಿಲ್ಲ. ತಲೆಗೆ ಸಿಂಬಿ ಇಟ್ಟು ಕಲ್ಲು ಏರಿಸಿದರು. ಡೊಳ್ಳು. ಹೆಂಗಸರು ನನ್ನ ಕಾಲಿಗೆ ನೀರು ಹಾಕಿದರು. ಕಂಪ್ಲಿಯಲ್ಲಿ ಯಾರೂ ಎದ್ದು ಕೂಡ ನಿಲ್ಲದವನಿಗೆ ಮುದುಕರು ದಾರಿ ಬಿಟ್ಟು ಕೈ ಮುಗಿದರು. ಗಾಳೆಮ್ಮನೂ ಮುಗಿದಳು. ಕಲ್ಲು ಭಾರ ಅನಿಸಲೇ ಇಲ್ಲ. ಖುಷಿಯಾಗಿತ್ತು. ಊರ ಬಾಗಿಲು ಕಂಡಾಗ, ಅಯ್ಯೋ ಇಷ್ಟು ಬೇಗ ಬಂತಲ್ಲ, ದಾರಿ ಇನ್ನೊಂಚೂರು ಉದ್ದ ಇರಬಾರದಿತ್ತೇ ಎಂದು —